ರಕ್ತ ತೆಳುವಾಗಿಸುವ ಗುಳಿಗೆಯೂ ನಮ್ಮ ಊಟದ ಗಂಗಾಳವೂ



ಇತ್ತೀಚಿನ ವರ್ಷಗಳಲ್ಲಿ ಹಾನಗಲ್ಲಿನ ಸಂತೆಯಿರಲಿ, ಶಿಗ್ಗಾಂವಿಯ ಬಸ್ ನಿಲ್ದಾಣವಿರಲಿ, ಸವಣೂರಿನ ಮದುವೆ ಮಂಟಪವಿರಲಿ, ಹಿರೇಕೆರೂರಿನ ಜಾತ್ರೆಯಿರಲಿ, ನಾಲ್ಕು ಜನ ಹಿರಿಯರು ಕೂಡಿದಲ್ಲಿ "ರಕ್ತ ತೆಳು ಆಗೋ ಗುಳಿಗಿ ನುಂಗಾಕತ್ತೇನ್ರಿ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಒಬ್ಬರಿಗೆ ಹೃದಯದ ಕವಾಟ ಬದಲಾಗಿದೆ, ಇನ್ನೊಬ್ಬರಿಗೆ ಹೃದಯದ ಬಡಿತ ತಾಳ ತಪ್ಪಿದೆ, ಮತ್ತೊಬ್ಬರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಈ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಅದಕ್ಕ ಸೊಪ್ಪು-ತಪ್ಪಲ ಎಲ್ಲಾ ಬಿಟ್ಟೇನ್ರಿ." ಹೇಳುವವರ ಮುಖದಲ್ಲಿ ಪಥ್ಯವನ್ನು ಕಟ್ಟುನಿಟ್ಟಾಗಿ ಪಾಲಿಸಿದ ತೃಪ್ತಿಯಿರುತ್ತದೆ.

ಈ ಎರಡನೆಯ ಮಾತು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೊಪ್ಪನ್ನು ತ್ಯಜಿಸಬೇಕೆಂಬುದು ಈ ಚಿಕಿತ್ಸೆಯ ನಿಯಮವೇ ಅಲ್ಲ. ವಾರದಿಂದ ವಾರಕ್ಕೆ ಒಂದೇ ಸಮನಾಗಿ ತಿನ್ನಬೇಕು ಎಂಬುದು ನಿಯಮ. ಜನ ಹೆದರಬೇಕಾದ ವಸ್ತುಗಳು ಬೇರೆಯೇ ಇವೆ. ಅವು ವೈದ್ಯರಿಗೆ ಹೇಳದೆ ಕಪಾಟಿನಲ್ಲಿಟ್ಟುಕೊಂಡ ಪುಡಿಗಳು, ಡಬ್ಬಿಗಳು ಮತ್ತು ನೋವಿನ ಗುಳಿಗೆಗಳು. ನಾನು ವೈದ್ಯನಲ್ಲ, ವಿಜ್ಞಾನದ ಮಾಸ್ತರನಾಗಿದ್ದವನು. ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಆದರೆ ವೈದ್ಯರು ಹೇಳಿದ್ದು ಮನೆ ತಲುಪುವಷ್ಟರಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆದಕಾರಣ ಈ ಲೇಖನ.

ಮೊದಲು, ನಾವು ನುಂಗುತ್ತಿರುವ ಗುಳಿಗೆ ಯಾವುದೆಂದು ತಿಳಿಯಬೇಕು. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಹೆಸರು, "ರಕ್ತ ತೆಳುವಾಗುವ ಗುಳಿಗೆ". ವಾಸ್ತವದಲ್ಲಿ ಇವು ಮೂರು ಬಗೆ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮೊದಲನೆಯ ಬಗೆ. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇವನ್ನು ಕೊಡುತ್ತಾರೆ. ಇವು ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತವೆ. ಇವಕ್ಕೂ ಸೊಪ್ಪಿಗೂ ಸಂಬಂಧವೇ ಇಲ್ಲ. ಎರಡನೆಯ ಬಗೆ ವಾರ್ಫರಿನ್ ಮತ್ತು ಅಸಿನೋಕೌಮರಾಲ್. ಎರಡನೆಯದು ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಅಸಿಟ್ರೋಮ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಸೊಪ್ಪಿನ ಲೆಕ್ಕ ಬರುವುದು ಈ ಬಗೆಗೆ ಮಾತ್ರ. ಮೂರನೆಯದು ಇತ್ತೀಚೆಗೆ ಬಂದ ದಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮುಂತಾದವು. ಇವಕ್ಕೂ ಸೊಪ್ಪಿನ ತಂಟೆಯಿಲ್ಲ. ಬರಿಯ ಆಸ್ಪಿರಿನ್ ನುಂಗುತ್ತ ವರ್ಷಗಟ್ಟಲೆ ಮೆಂತ್ಯದ ಪಲ್ಯವನ್ನು ಮುಟ್ಟದೆ ಕುಳಿತವರನ್ನು ನಾನು ಬಲ್ಲೆ. ಯಾರೂ ವಿಧಿಸದ ಶಿಕ್ಷೆಯನ್ನು ಅವರು ತಾವೇ ಅನುಭವಿಸುತ್ತಿದ್ದಾರೆ.

ಎರಡನೆಯ ಬಗೆಯ ಗುಳಿಗೆಯ ಹುಟ್ಟಿನ ಕಥೆ ರೈತರ ಮಕ್ಕಳಾದ ನಿಮಗೆ ಕೂಡಲೇ ಅರ್ಥವಾಗುವಂಥದ್ದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಹಳ್ಳಿಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ಸಾಕು, ಸುರಿಯುವ ರಕ್ತ ನಿಲ್ಲುತ್ತಲೇ ಇರಲಿಲ್ಲ. ಮಳೆಗೆ ತೊಯ್ದು ಬೂಷ್ಟು ಹಿಡಿದ ಸಿಹಿ ಕ್ಲೋವರ್ ಎಂಬ ಮೇವೇ ಇದಕ್ಕೆ ಕಾರಣವೆಂದು ಪಶುವೈದ್ಯರು ಕಂಡುಕೊಂಡರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸನ್ನು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನು ಹಾಗೂ ಕೆಟ್ಟ ಮೇವಿನ ಹೊರೆಯನ್ನು ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಬಂದ. ಅನೇಕ ವರ್ಷಗಳ ಶ್ರಮದ ನಂತರ ಆ ಮೇವಿನಲ್ಲಿದ್ದ ವಸ್ತು ಪತ್ತೆಯಾಯಿತು. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನು ಕೊಟ್ಟರು. ಇಲಿಯನ್ನು ಕೊಲ್ಲುವುದೂ ಅಧ್ಯಕ್ಷನನ್ನು ಉಳಿಸುವುದೂ ಒಂದೇ ವಸ್ತು, ಅಳತೆಯಷ್ಟೇ ಬೇರೆ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದರು. ಅಳತೆ ತಿಳಿದರೆ ವಿಷವೂ ಅಮೃತವಾದೀತೆಂಬುದಕ್ಕೆ ಇದು ನಿದರ್ಶನ.

ಇನ್ನು ಇದು ಕೆಲಸ ಮಾಡುವ ಬಗೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪದಾರ್ಥಗಳನ್ನು ನಮ್ಮ ಯಕೃತ್ತು ತಯಾರಿಸುತ್ತದೆ. ಆ ಕೆಲಸಕ್ಕೆ ಅದಕ್ಕೆ ಕೆ ಜೀವಸತ್ವ ಬೇಕು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಇದನ್ನು ಕಂಡುಹಿಡಿದರು. ಅವರಿಗೂ ಎಡ್ವರ್ಡ್ ಡಾಯ್ಸಿ ಅವರಿಗೂ 1943ರ ನೊಬೆಲ್ ಪ್ರಶಸ್ತಿ ಸಂದಿತು. ಬಳಕೆಯಾದ ಕೆ ಜೀವಸತ್ವವನ್ನು ದೇಹ ಮತ್ತೆ ಹಸನು ಮಾಡಿ ಉಪಯೋಗಿಸುತ್ತದೆ. ವಾರ್ಫರಿನ್ ಮತ್ತು ಅಸಿನೋಕೌಮರಾಲ್ ಈ ಮರುಬಳಕೆಗೆ ಅಡ್ಡಬರುತ್ತವೆ. ಹೀಗಾಗಿ ಒಂದು ಕಡೆ ಗುಳಿಗೆ, ಇನ್ನೊಂದು ಕಡೆ ಊಟದಿಂದ ಬರುವ ಕೆ ಜೀವಸತ್ವ. ಇವು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಿದ್ದಂತೆ. ವೈದ್ಯರು ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ನೋಡಿ ಗುಳಿಗೆಯ ಪ್ರಮಾಣವನ್ನು ಹೊಂದಿಸುತ್ತಾರೆ. ಗುಳಿಗೆ ನುಂಗದ ಆರೋಗ್ಯವಂತರಲ್ಲಿ ಈ ಅಂಕಿ ಸುಮಾರು 1 ಇರುತ್ತದೆ. ಹೆಚ್ಚಿನ ರೋಗಿಗಳಲ್ಲಿ ಇದನ್ನು 2ರಿಂದ 3ರೊಳಗೆ, ಕೆಲವು ಬಗೆಯ ಕೃತಕ ಕವಾಟವಿದ್ದವರಲ್ಲಿ 2.5ರಿಂದ 3.5ರೊಳಗೆ ಇರಿಸುತ್ತಾರೆ. ಕೆಳಗಿಳಿದರೆ ಹೆಪ್ಪುಗಟ್ಟಿ ಲಕ್ವಾ ಹೊಡೆಯುವ ಭಯ, ಬಹಳ ಮೇಲೇರಿದರೆ ರಕ್ತಸ್ರಾವದ ಭಯ. ಪ್ರಮಾಣವನ್ನು ಹೊಂದಿಸುವಾಗ ನೀವು ದಿನನಿತ್ಯ ಉಣ್ಣುವ ಊಟವೂ ಲೆಕ್ಕಕ್ಕೆ ಬಂದಿರುತ್ತದೆ. ಆಮೇಲೆ ಒಂದು ಎತ್ತನ್ನು ಒಮ್ಮೆಲೇ ಬಿಚ್ಚಿದರೆ ಬಂಡಿ ನೇರವಾಗಿ ಹೋದೀತೇ?

ಈಗ ನಮ್ಮ ಗಂಗಾಳವನ್ನು ನೋಡೋಣ. 100 ಗ್ರಾಂ ಹಸಿ ಪಾಲಕದಲ್ಲಿ ಸುಮಾರು 480 ಮೈಕ್ರೋಗ್ರಾಂ ಕೆ ಜೀವಸತ್ವವಿದೆ. ನುಗ್ಗೆಸೊಪ್ಪೂ ಇದೇ ಸಾಲಿಗೆ ಸೇರಿದ್ದು. ಕೊತ್ತಂಬರಿಯಲ್ಲಿ ಸುಮಾರು 300, ಎಲೆಕೋಸಿನಲ್ಲಿ ಸುಮಾರು 75, ಬೆಂಡೆಕಾಯಿಯಲ್ಲಿ ಸುಮಾರು 30. ತಪ್ಪಲ ಸಹಿತವಾದ ಹಸಿ ಉಳ್ಳಾಗಡ್ಡಿಯಲ್ಲಿ ಸುಮಾರು 200 ಇದ್ದರೆ, ಒಣ ಗಡ್ಡೆಯಲ್ಲಿ 1 ಕೂಡ ಇಲ್ಲ. ಹಸಿರು ಗಾಢವಾದಷ್ಟೂ ಕೆ ಜೀವಸತ್ವ ಹೆಚ್ಚು ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು. ವಯಸ್ಕರಿಗೆ ದಿನಕ್ಕೆ ಹೆಂಗಸರಿಗೆ 90, ಗಂಡಸರಿಗೆ 120 ಮೈಕ್ರೋಗ್ರಾಂ ಸಾಕೆಂದು ಅಮೆರಿಕದ ಆಹಾರ ತಜ್ಞರ ಲೆಕ್ಕ. ಜೋಳದ ರೊಟ್ಟಿ, ಅನ್ನ, ಬದನೆಕಾಯಿ ಎಣ್ಣೆಗಾಯಿ, ಬಾಳೆಹಣ್ಣು, ಮಜ್ಜಿಗೆ, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಣ್ಣೆಯ ಮೇಲೆ ಮಾತ್ರ ತುಸು ಗಮನವಿರಲಿ. ಶೇಂಗಾ ಎಣ್ಣೆಯಲ್ಲಿ ಕೆ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಕುಸುಬಿ ಎಣ್ಣೆಯಲ್ಲಿಯೂ ಅಲ್ಪ. ಸೋಯಾ ಎಣ್ಣೆಯಲ್ಲಿ 100 ಗ್ರಾಮಿಗೆ ಸುಮಾರು 180 ಇದೆ. ಅಗ್ಗವೆಂದು ಮನೆಯ ಎಣ್ಣೆಯನ್ನು ಬದಲಾಯಿಸಿದರೆ, ದಿನಕ್ಕೆ 30 ಗ್ರಾಂ ಬಳಸುವವರಿಗೆ 50 ಮೈಕ್ರೋಗ್ರಾಮಿನಷ್ಟು ಕೆ ಜೀವಸತ್ವ ಗೊತ್ತಿಲ್ಲದೆಯೇ ಸೇರುತ್ತದೆ.

ನಮ್ಮ ಭಾಗದಲ್ಲಿ ತೊಡಕು ಹುಟ್ಟುವುದು ಋತುಮಾನದಿಂದ. ಚಳಿಗಾಲ ಬಂದರೆ ಮೆಂತ್ಯ, ಹಕ್ಕರಿಕೆ, ಮೂಲಂಗಿ ತಪ್ಪಲ, ಹಸಿ ಉಳ್ಳಾಗಡ್ಡಿ, ಎಲ್ಲವೂ ಅಗ್ಗ. ರೊಟ್ಟಿಯ ಜೊತೆಗೆ ಹಸಿಯಾಗಿಯೇ ಮುಷ್ಟಿಗಟ್ಟಲೆ ತಿನ್ನುವುದು ನಮ್ಮ ರೂಢಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಊಟದಲ್ಲಂತೂ ಪಲ್ಯಗಳದೇ ದರ್ಬಾರು. ಬೇಸಿಗೆಯಲ್ಲಿ ಅದೇ ಮನೆಯಲ್ಲಿ ವಾರಕ್ಕೊಮ್ಮೆಯೂ ಸೊಪ್ಪು ಕಾಣುವುದಿಲ್ಲ. ಶ್ರಾವಣದ ಸೋಮವಾರ, ಏಕಾದಶಿ, ನವರಾತ್ರಿಗಳಲ್ಲಿ ಉಪವಾಸ. ಮುಸಲ್ಮಾನ ಬಂಧುಗಳಿಗೆ ರಂಜಾನ್ ತಿಂಗಳ ರೋಜಾ. ಊಟ ತೀರ ಕಡಿಮೆಯಾದ ದಿನಗಳಲ್ಲಿ ಐಎನ್‌ಆರ್ ಏರಬಹುದು. ವಾಂತಿಭೇದಿ, ಜ್ವರಗಳಿಂದ ಊಟ ಬಿಟ್ಟಾಗಲೂ ಹಾಗೆಯೇ. ಇಂಥ ಬದಲಾವಣೆಗಳಿಗೆ ಮುಂಚೆಯೇ ವೈದ್ಯರಿಗೆ ತಿಳಿಸಿ, ಬೇಕೆನಿಸಿದರೆ ಒಂದು ಪರೀಕ್ಷೆ ಹೆಚ್ಚು ಮಾಡಿಸುವುದೇ ಜಾಣತನ. ಸವಣೂರಿನ ವೀಳ್ಯದೆಲೆಗೂ ಇದೇ ನ್ಯಾಯ. ಅದೂ ಹಸಿರೆಲೆಯೇ. ಊಟವಾದ ಮೇಲೆ ಒಂದೆರಡು ಎಲೆ ಹಾಕುವವರು ಅಷ್ಟನ್ನೇ ಮುಂದುವರಿಸಲಿ. ಮದುವೆಮನೆಯಲ್ಲಿ ಕಟ್ಟನ್ನೇ ಮುಗಿಸಿ, ಮರುವಾರ ಪೂರ್ತಿ ಬಿಡುವುದು ಬೇಡ. ತಂಬಾಕನ್ನಂತೂ ಹೃದ್ರೋಗಿ ಯಾವ ನೆಪಕ್ಕೂ ಮುಟ್ಟಬಾರದು.

ಹಾಗಾದರೆ ಪೂರ್ತಿ ಬಿಟ್ಟುಬಿಡುವುದೇ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಬಂಧುಗಳಲ್ಲೇ ಹಿರಿಯ ಹೆಣ್ಣುಮಗಳೊಬ್ಬರ ಉದಾಹರಣೆ ಕೊಡುತ್ತೇನೆ. ಕವಾಟದ ಶಸ್ತ್ರಚಿಕಿತ್ಸೆಯಾದ ಮೇಲೆ ಯಾರೋ ಹೇಳಿದರೆಂದು ಎರಡು ವರ್ಷ ಒಂದೆಳೆ ಸೊಪ್ಪನ್ನೂ ಅವರು ಮುಟ್ಟಲಿಲ್ಲ. ಮಾಂಸ, ಮೊಟ್ಟೆ ಉಣ್ಣದ ಮನೆತನ, ಹಾಲು ದುಬಾರಿ. ಮುಖ ಬಿಳುಚಿತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತಹೀನತೆಯೆಂದು ವೈದ್ಯರು ಹೇಳಿದರು. ಎಳ್ಳಮಾವಾಸ್ಯೆಗೆ ಮಗಳ ಮನೆಗೆ ಹೋದಾಗ ನಾಲ್ಕು ದಿನ ಬೀಗರ ಒತ್ತಾಯಕ್ಕೆ ಪಲ್ಯ ಉಂಡರು. ಮುಂದಿನ ಪರೀಕ್ಷೆಯಲ್ಲಿ ಐಎನ್‌ಆರ್ 1.4ಕ್ಕೆ ಇಳಿದಿತ್ತು. ದೇಹದಲ್ಲಿ ಕೆ ಜೀವಸತ್ವದ ದಾಸ್ತಾನೇ ಇಲ್ಲದವರಿಗೆ ಸ್ವಲ್ಪ ಸೊಪ್ಪೂ ದೊಡ್ಡ ಪೆಟ್ಟಾಗುತ್ತದೆ. ದಿನವೂ ಒಂದಿಷ್ಟು ಉಣ್ಣುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ಸಂಶೋಧಕರು ಐಎನ್‌ಆರ್ ಕಾರಣವಿಲ್ಲದೆ ಏರಿಳಿಯುತ್ತಿದ್ದ ರೋಗಿಗಳಿಗೆ ದಿನಕ್ಕೆ 150 ಮೈಕ್ರೋಗ್ರಾಂ ಕೆ ಜೀವಸತ್ವವನ್ನೇ ಕೊಟ್ಟು ನೋಡಿದಾಗ ಅಂಕಿ ಹೆಚ್ಚು ಸ್ಥಿರವಾಯಿತು. ನಂತರದ ಪರೀಕ್ಷೆಗಳಲ್ಲಿ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವಾದ್ದರಿಂದ ಯಾರೂ ತಾವಾಗಿಯೇ ಆ ಗುಳಿಗೆ ನುಂಗಕೂಡದು. ಆದರೆ ಕೆ ಜೀವಸತ್ವ ಈ ಗುಳಿಗೆಯ ಹುಟ್ಟುವೈರಿಯಲ್ಲವೆಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಬಡವರ ಮನೆಯಲ್ಲಿ ಸೊಪ್ಪೇ ಕಬ್ಬಿಣ, ಸೊಪ್ಪೇ ಸುಣ್ಣ, ಸೊಪ್ಪೇ ಹಣ್ಣು. ಬಾಯಿಮಾತಿನಲ್ಲಿ "ಸೊಪ್ಪು ಬಿಡ್ರಿ" ಎನ್ನುವವರು ಅದಕ್ಕೆ ಬದಲಾಗಿ ಏನನ್ನು ಉಣ್ಣಬೇಕೆಂದು ಹೇಳುವುದಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಬಡವರ ಧಾನ್ಯವನ್ನೇ ಗೆಲ್ಲಿಸಿದರು. ಸೊಪ್ಪಿಗೂ ಗುಳಿಗೆಗೂ ಹಚ್ಚಿರುವ ಇಂದಿನ ಜಗಳದಲ್ಲಿಯೂ ಬಡವರ ಪಲ್ಯಕ್ಕೆ ಅನ್ಯಾಯವಾಗಬಾರದು ಎಂಬುದು ನನ್ನ ವಾದ.

ಸೊಪ್ಪಿಗೆ ಹೆದರಿದವರು ಹೆದರದೆ ನುಂಗುವ ವಸ್ತುಗಳ ಕಡೆಗೆ ಈಗ ಬರೋಣ. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಇರುವ ನನ್ನ ವಿದ್ಯಾರ್ಥಿಗಳು ಈ ಭಾಗವನ್ನು ಎರಡು ಸಲ ಓದಬೇಕು. ರಜೆಗೆ ಬರುವಾಗ ನೀವು ತಂದೆತಾಯಿಗಳಿಗೆ ಪ್ರೀತಿಯಿಂದ ದೊಡ್ಡ ದೊಡ್ಡ ಡಬ್ಬಿಗಳನ್ನು ತರುತ್ತೀರಿ. ಮಲ್ಟಿವಿಟಮಿನ್ ಗುಳಿಗೆಗಳಲ್ಲಿ ಹಲವು ಬಾರಿ ಕೆ ಜೀವಸತ್ವ ಇರುತ್ತದೆ. ಮೂಳೆಗೆ ಒಳ್ಳೆಯದೆಂದು ಕೊಡುವ ಕ್ಯಾಲ್ಸಿಯಂ ಗುಳಿಗೆಗಳಲ್ಲಿ ಈಗ ಕೆ2-7 ಎಂಬುದನ್ನು ಸೇರಿಸುವ ರೂಢಿ ಬಂದಿದೆ. ಇದು ಕೆ ಜೀವಸತ್ವದ್ದೇ ಇನ್ನೊಂದು ರೂಪ, ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ, ಅಲ್ಪ ಪ್ರಮಾಣದಲ್ಲಿಯೂ ಐಎನ್‌ಆರ್ ಇಳಿಸಬಲ್ಲದು. ಪಾಲಕಕ್ಕೆ ಹೆದರುವ ಅಜ್ಜಿ ಇದನ್ನು ದಿನವೂ ಹಾಲಿನೊಂದಿಗೆ ನುಂಗುತ್ತಿರುತ್ತಾಳೆ! ಅತ್ತ ಮೀನೆಣ್ಣೆ ಹಾಗೂ ಇ ಜೀವಸತ್ವದ ಹೆಚ್ಚಿನ ಪ್ರಮಾಣ, ಗಿಂಕ್ಗೊ, ಬೆಳ್ಳುಳ್ಳಿ ಸಾರದ ಮತ್ತು ಅರಿಶಿನ ಸಾರದ ಕ್ಯಾಪ್ಸೂಲುಗಳು ರಕ್ತಸ್ರಾವದ ಕಡೆಗೆ ಎಳೆಯಬಹುದು. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಶಿನಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಸಾರ ತೆಗೆದು ಗಟ್ಟಿಮಾಡಿದ ಗುಳಿಗೆಗೆ ಅನ್ವಯಿಸುತ್ತದೆ. ಗೋಧಿ ಹುಲ್ಲಿನ ರಸ, ನುಗ್ಗೆಸೊಪ್ಪಿನ ಪುಡಿ ಮುಂತಾದ ಹಸಿರು ಪುಡಿಗಳನ್ನು ಒಮ್ಮೆಲೇ ಆರಂಭಿಸುವುದು, ಒಮ್ಮೆಲೇ ನಿಲ್ಲಿಸುವುದು, ಎರಡೂ ಸಲ್ಲದು. ಡಬ್ಬಿ ತರುವ ಮೊದಲು ಅದರ ಮೇಲಿನ ಸಣ್ಣಕ್ಷರಗಳನ್ನು ಓದಿ, ವೈದ್ಯರಿಗೆ ಕೇಳಿ. ನಿಮ್ಮ ಪ್ರೀತಿಗೆ ಅಷ್ಟು ಶ್ರಮ ಹೆಚ್ಚಲ್ಲ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಮಂಡಿನೋವಿನ ಗುಳಿಗೆ. ನಮ್ಮ ನಾಡಿನಲ್ಲಿ ದುಡಿದ ಮೊಣಕಾಲುಗಳಿಗೆ ನೋವಿಲ್ಲದಿರುವುದುಂಟೇ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ಕಿರುತಟ್ಟೆಗಳನ್ನೂ ತಡೆಯುತ್ತವೆ. ಇವು ವಾರ್ಫರಿನ್ನಿನೊಂದಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯ ಬಹಳ ಹೆಚ್ಚುತ್ತದೆ. ನನ್ನ ಜೊತೆಗಿದ್ದ ನಿವೃತ್ತ ಶಿಕ್ಷಕರೊಬ್ಬರು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಯೊಂದನ್ನು ಮಂಡಿನೋವಿಗೆಂದು ಇಪ್ಪತ್ತು ದಿನ ಸೇವಿಸಿ, ಡಾಂಬರಿನಂತೆ ಕಪ್ಪಾದ ಮಲವಾಗತೊಡಗಿದಾಗ ಹುಬ್ಬಳ್ಳಿಗೆ ಧಾವಿಸಬೇಕಾಯಿತು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡನ್ನೂ ನೋವಿನ ಔಷಧವನ್ನೂ ಗುಟ್ಟಾಗಿ ಬೆರೆಸಿದ ಪ್ರಕರಣಗಳು ನಮ್ಮ ದೇಶದಲ್ಲಿ ಅನೇಕ ಬಾರಿ ಬೆಳಕಿಗೆ ಬಂದಿವೆ. ಸೊಂಟಕ್ಕೆ ನೋವಿನ ಸೂಜಿ ಹಾಕಿಸಿಕೊಳ್ಳುವುದೂ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶಿಲೀಂಧ್ರಕ್ಕೆ ಕೊಡುವ ಫ್ಲೂಕೊನಜೋಲ್, ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಐಎನ್‌ಆರ್ ಅಂಕಿಯನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಮೇಲು, ಅದನ್ನೂ ಹೆಚ್ಚು ಪ್ರಮಾಣದಲ್ಲಿ ಹಲವು ದಿನ ನುಂಗಬಾರದು.

ನಾಟಿ ವೈದ್ಯರನ್ನೂ ಆಯುರ್ವೇದವನ್ನೂ ನಾನು ಹಳಿಯುತ್ತಿಲ್ಲ. ನನ್ನ ತಕರಾರು ಗುಟ್ಟಿನ ಬಗ್ಗೆ. ಆಸ್ಪತ್ರೆಯಲ್ಲಿ "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದರೆ ನಮ್ಮವರು "ಇಲ್ಲರೀ" ಎನ್ನುತ್ತಾರೆ. ಬೈದಾರೆಂಬ ಅಂಜಿಕೆ ಒಂದು, ಗಿಡಮೂಲಿಕೆ ಔಷಧವೇ ಅಲ್ಲವೆಂಬ ನಂಬಿಕೆ ಇನ್ನೊಂದು. ಮೇವಿನ ಹುಲ್ಲಿನಿಂದಲೇ ಹುಟ್ಟಿದ ಗುಳಿಗೆಯನ್ನು ನುಂಗುತ್ತ, ಸೊಪ್ಪುಸದೆಯಿಂದ ಏನಾದೀತು ಎನ್ನುವುದು ಎಂಥ ವಿಪರ್ಯಾಸ!

ಹೊಸ ಬಗೆಯ ಗುಳಿಗೆ ಬಂದ ಮೇಲೆ ಈ ಲೆಕ್ಕವೆಲ್ಲ ಏಕೆ ಎಂದೂ ಕೇಳಬಹುದು. ಲೋಹದ ಕವಾಟ ಹಾಕಿಸಿಕೊಂಡವರಿಗೆ ಹೊಸವು ಸಲ್ಲವು. ಎಳವೆಯಲ್ಲಿ ಬಂದ ಕೀಲುಜ್ವರದಿಂದ ಕವಾಟ ಕೆಟ್ಟು, ಬಡಿತದ ತಾಳ ತಪ್ಪಿದವರ ಮೇಲೆ ಭಾರತವೂ ಸೇರಿ ಅನೇಕ ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಹಳೆಯ ಗುಳಿಗೆಯೇ ರಿವರಾಕ್ಸಬಾನಿಗಿಂತ ಮೇಲೆಂದು ಕಂಡಿತು. ಹಳ್ಳಿಗಾಡಿನಲ್ಲಿ ಇಂಥ ರೋಗಿಗಳು ಇನ್ನೂ ಇದ್ದಾರೆ. ಹೊಸ ಗುಳಿಗೆಯವರಿಗೂ ನೋವಿನ ಗುಳಿಗೆಯ ಎಚ್ಚರ ತಪ್ಪಿದ್ದಲ್ಲ.

ಪರಿಹಾರಗಳು ದೊಡ್ಡವೇನಲ್ಲ. ಈ ಗುಳಿಗೆಯನ್ನು ಬರೆದುಕೊಡುವ ಪ್ರತಿಯೊಂದು ಆಸ್ಪತ್ರೆಯೂ ಒಂದು ಪುಟದ ಸೂಚನೆಯನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ, ನಮ್ಮ ಪಲ್ಯಗಳ ಹೆಸರು ಹಾಕಿ ಕೊಡಬೇಕು. ಬ್ರೊಕೋಲಿ, ಕೇಲ್ ಎಂಬ ಪಟ್ಟಿಯಿಂದ ನಮ್ಮ ಅಕ್ಕತಂಗಿಯರಿಗೆ ಏನು ಪ್ರಯೋಜನ? ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಐಎನ್‌ಆರ್ ಪರೀಕ್ಷೆ ಉಚಿತವಾಗಿ, ಅದೇ ದಿನ ಫಲಿತಾಂಶ ಸಿಗುವಂತೆ ದೊರೆಯಬೇಕು. ಒಂದು ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಕೂಲಿಕಾರರಿಗೆ ಬಸ್ ಖರ್ಚಿನ ಜೊತೆ ಒಂದು ದಿನದ ಕೂಲಿಯೂ ಹೋಯಿತು. ಅದಕ್ಕೇ ಅವರು ಪರೀಕ್ಷೆ ತಪ್ಪಿಸುತ್ತಾರೆ, ಉದಾಸೀನದಿಂದಲ್ಲ. ಔಷಧ ಅಂಗಡಿಯವರು ನೋವಿನ ಗುಳಿಗೆ ಕೊಡುವ ಮೊದಲು "ರಕ್ತ ತೆಳುವಾಗುವ ಗುಳಿಗೆ ನಡೆದಿದೆಯೇ" ಎಂದು ಒಂದು ಮಾತು ಕೇಳಬೇಕು.

ಮನೆಯವರ ಕೆಲಸವೂ ಇದೆ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ದಿನಾಂಕ, ಗುಳಿಗೆಯ ಪ್ರಮಾಣ, ಐಎನ್‌ಆರ್ ಅಂಕಿ ಹಾಗೂ ಹೊಸದಾಗಿ ಸೇರಿದ ಔಷಧ, ಪುಡಿ, ಡಬ್ಬಿಗಳ ಹೆಸರನ್ನು ಬರೆದಿಡಿ. ಎಲ್ಲ ವೈದ್ಯರಿಗೂ, ಹಲ್ಲಿನ ವೈದ್ಯರಿಗೂ ತೋರಿಸಿ. ಗುಳಿಗೆಯನ್ನು ದಿನವೂ ಒಂದೇ ಹೊತ್ತಿಗೆ ಕೊಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಿಸಬೇಡಿ. ವಸಡಿನಿಂದ, ಮೂಗಿನಿಂದ ನಿಲ್ಲದ ರಕ್ತ, ಕೆಂಪು ಮೂತ್ರ, ಕಪ್ಪು ಮಲ, ಹಠಾತ್ತಾದ ತೀವ್ರ ತಲೆನೋವು, ಬಿದ್ದು ತಲೆಗೆ ಪೆಟ್ಟು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕಂಠಪಾಠ ಮಾಡಿದ್ದೇವೆ. ಊಟ ಬಲ್ಲವನೆಂದರೆ ಊಟ ಬಿಟ್ಟವನಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಈ ಗುಳಿಗೆ ಸೇವಿಸುತ್ತಿದ್ದರೆ, ಇಂದೇ ಒಂದು ಕೆಲಸ ಮಾಡಿರಿ. ಅವರ ಗುಳಿಗೆಯ ಚೀಟಿಯನ್ನೂ ಕಪಾಟಿನಲ್ಲಿರುವ ಎಲ್ಲ ಡಬ್ಬಿ-ಪೊಟ್ಟಣಗಳನ್ನೂ ಒಂದು ಚೀಲಕ್ಕೆ ಹಾಕಿ, ಮುಂದಿನ ಭೇಟಿಯಲ್ಲಿ ವೈದ್ಯರ ಮೇಜಿನ ಮೇಲೆ ಸುರುವಿರಿ. ವಾರಕ್ಕೆ ಎಷ್ಟು ಸಲ, ಎಷ್ಟು ಪಲ್ಯ ಉಣ್ಣಬಹುದೆಂದು ಅಲ್ಲಿಯೇ ಕೇಳಿಕೊಂಡು ಬನ್ನಿರಿ.